ಗಿರಿಜಕ್ಕನ ಕೋಟು

ದೋಹಾದ ಅಲ್ ಥುಮಾಮಾದ ನಮ್ಮ ಮನೆಯಲ್ಲಿ, ಬಾಗಿಲ ಪಕ್ಕ ಒಂದು ಪಿಂಗಾಣಿ ಬಟ್ಟಲಿದೆ. ಕಾರಿನ ಕೀಲಿ, ಆಫೀಸಿನ ಕಾರ್ಡು, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಎರಡು ಸಣ್ಣ ಕೀಲಿ, ಎಲ್ಲ ಅದರೊಳಗೆ. ಇವುಗಳ ನಡುವೆ ಒಂದು ಹಿತ್ತಾಳೆ ಬಿಲ್ಲೆಯೂ ಬಿದ್ದುಕೊಂಡಿದೆ. ಮೇಲೊಂದು ತೂತು, ನಡುವೆ ನಲವತ್ತೇಳು ಎಂಬ ಅಂಕಿ. ಬಂದವರು ಚಪ್ಪಲಿ ಬಿಡುತ್ತ ಬಿಡುತ್ತ ಕೈಗೆ ಸಿಕ್ಕಿದ್ದನ್ನು ಎತ್ತಿ ನೋಡುವುದು ನಮ್ಮವರ ರೂಢಿಯಷ್ಟೆ. "ಏನ್ ಸಾರ್ ಇದು?" ಎನ್ನುತ್ತಾರೆ. "ಅದು ಒಂದು ಕೋಟಿನದು" ಎನ್ನುತ್ತೇನೆ. ನಾನು ಅಷ್ಟು ಹೇಳುವುದೇ ತಡ, ಒಳಗಿನಿಂದ ನನ್ನ ಹೆಂಡತಿ ಶೈಲಾ ಕೇಳುತ್ತಾಳೆ: "ಚಾ ಇಡಲೋ, ಅಡಗೀನ ಮಾಡಿಬಿಡಲೋ?" ಈ ಕಥೆ ಒಂದು ಚಹಾಕ್ಕೆ ಮುಗಿಯುವಂಥದ್ದಲ್ಲ ಎಂದು ಅವಳಿಗೆ ಗೊತ್ತು.

ನೀವೂ ಬಿಲ್ಲೆ ಎತ್ತಿ ನೋಡಿದಿರಿ ಎಂದೇ ತಿಳಿದುಕೊಳ್ಳುತ್ತೇನೆ.

ದೋಹಾದಲ್ಲಿ ಬದುಕುವವರಿಗೆ ಕೋಟು ಬೇಕಿಲ್ಲ. ಜನವರಿಯಲ್ಲಿ ಎರಡು ವಾರ ಸ್ವೆಟರು ತೊಟ್ಟರೆ ಚಳಿಗಾಲಕ್ಕೆ ಕೊಡಬೇಕಾದ ಮರ್ಯಾದೆ ಕೊಟ್ಟಂತಾಯಿತು. ಆದರೆ ಇಲ್ಲಿಂದ ಯುರೋಪು ಐದಾರು ತಾಸಿನ ಹಾದಿ. ಟ್ಬಿಲಿಸಿ, ಬಾಕು ಇನ್ನೂ ಹತ್ತಿರ. ಈದ್ ರಜೆ ಬಂತೆಂದರೆ ನಮ್ಮ ಜನ ಗುಳೆ ಎದ್ದವರಂತೆ ಹೊರಡುತ್ತಾರೆ. ಹೊರಡುವ ಮುನ್ನ ಎಲ್ಲರಿಗೂ ಒಂದೇ ಚಿಂತೆ, ಚಳಿ. ಐದು ದಿನದ ಚಳಿಗೆ ಉಣ್ಣೆಯ ಕೋಟು ಕೊಳ್ಳುವುದು ನಮಗೆ ಒಗ್ಗುವ ಮಾತಲ್ಲ. ಬೀಗರ ಮನೆಯ ಊಟಕ್ಕೆ ಹೊಸ ಬಾವಿ ತೋಡಿದ ಹಾಗೆ. ಅದಕ್ಕೇ ನಾವೆಲ್ಲ ಅಲ್ ಮುಂತಜಾದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿ ಹತ್ತುತ್ತಿದ್ದೆವು. ಅಲ್ಲಿ ಗಿರಿಜಕ್ಕ ಇದ್ದರು, ಗಿರಿಜಕ್ಕನ ಹತ್ತಿರ ಕೋಟು ಇತ್ತು.

ಗಿರಿಜಕ್ಕ ಮೈಸೂರಿನವರು. ಅವರ ಯಜಮಾನರು ಮೂರ್ತಿಯವರು ಲುಸೈಲಿನ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮಾತು ಕಡಿಮೆ. ಮನೆಯ ಯಾವ ಚರ್ಚೆಗೂ ಕೊನೆಯಲ್ಲಿ "ಖಲಾಸ್" ಎಂದು ಮುದ್ರೆ ಒತ್ತುವುದಷ್ಟೇ ಅವರ ಪಾಲಿನದು. ಕೋಟು ಬದನೆಕಾಯಿ ಬಣ್ಣದ್ದು, ಮರದ ಗುಂಡಿ, ಮೊಣಕಾಲು ಮುಟ್ಟುವ ಉದ್ದ. ಜೇಬೊಂದೊಂದರಲ್ಲಿ ಒಂದು ಪಾವು ಅಕ್ಕಿ ಹಿಡಿಸುತ್ತಿತ್ತು. ಹಾಕಿಕೊಂಡರೆ ಡಾಂಬರು ಗುಳಿಗೆಯ ವಾಸನೆ ನಮಗಿಂತ ಹತ್ತು ಹೆಜ್ಜೆ ಮುಂದೆ ಹೋಗುತ್ತಿತ್ತು.

ಕೋಟು ಕೊಡುವಾಗ ಗಿರಿಜಕ್ಕ ಕಟ್ಟಳೆ ಹೇಳುತ್ತಿದ್ದರು. "ಒಗೀಬೇಡಿ, ಬಿಸಿಲಿಗೆ ಹಾಕೋದು ನನ್ ಕೆಲಸ. ಜೇಬಲ್ಲಿ ಏನಿದ್ಯೋ ಅದನ್ನ ಎಸೀಬೇಡಿ. ಕೋಟು ಹಾಕ್ಕೊಂಡು ಒಂದು ಫೋಟೋ ತೆಗೆಸ್ಕೊಂಡು ಬನ್ನಿ. ಫೋನಲ್ಲಿ ಅಲ್ಲ, ಕಾಗದದ್ದು."

ಹೀಗಾಗಿ ಆ ಜೇಬುಗಳಲ್ಲಿ ಅರ್ಧ ಭೂಗೋಳವಿತ್ತು. ಟ್ಬಿಲಿಸಿಯ ಇಗರ್ಜಿಯಲ್ಲಿ ಉರಿದು ಉಳಿದ ಮೇಣದಬತ್ತಿಯ ತುಂಡು, ಪ್ಯಾರಿಸಿನ ರೈಲು ಚೀಟಿ, ಇಸ್ತಾಂಬುಲ್ಲಿನ ಚಹಾದಂಗಡಿಯ ಸಕ್ಕರೆ ಪೊಟ್ಟಣ, ಪ್ರಾಗಿನ ಯಾವುದೋ ಮರದಡಿ ಬಿದ್ದಿದ್ದ ನುಣುಪಾದ ಕಂದು ಕಾಯಿ. ಕೋಟು ಮರಳಿದಾಗ ಗಿರಿಜಕ್ಕ ಇವನ್ನೆಲ್ಲ ಟೀಪಾಯಿಯ ಮೇಲೆ ಸಾಲಾಗಿ ಇಟ್ಟು, ಹೊಸದು ಯಾವುದು ಸೇರಿದೆ ನೋಡಿ, ಮತ್ತೆ ಜೇಬಿಗೇ ಹಾಕುತ್ತಿದ್ದರು. ಫೋಟೋಗಳಿಗೆ ಒಂದು ಆಲ್ಬಮ್ಮು. ಒಂದೊಂದು ಪುಟಕ್ಕೆ ಒಂದೊಂದು ಊರು, ಒಬ್ಬೊಬ್ಬ ಮನುಷ್ಯ, ಅದೇ ಕೋಟು.

ಈ ಆಲ್ಬಮ್ಮು ನನಗೆ ಗದಗಿನ ನಮ್ಮ ಓಣಿಯನ್ನು ನೆನಪಿಗೆ ತರುತ್ತಿತ್ತು. ನಮ್ಮ ಮನೆಯ ಗೋಡೆಯ ಮೇಲೆ ಅಜ್ಜ, ದೊಡ್ಡಪ್ಪ, ಅಪ್ಪ ಮೂವರೂ ಕರಿ ಕೋಟು ತೊಟ್ಟು ಕೂತಿದ್ದರು. ಪಕ್ಕದ ಮನೆಯ ಮಾಸ್ತರರೂ ಅವರ ಗೋಡೆಯ ಮೇಲೆ ಅಂಥದೇ ಕೋಟಿನಲ್ಲಿದ್ದರು. ಎದುರುಮನೆಯ ಗಿರಣಿ ಮಾಲಕರದೂ ಅದೇ. ಎಡಗಡೆಯ ಕೊರಳಪಟ್ಟಿಯ ಮೇಲೆ ಒಂದು ಸಣ್ಣ ಸುಟ್ಟ ಕಲೆ ಎಲ್ಲರಿಗೂ ಇತ್ತು. ನಮ್ಮ ಊರ ದೊಡ್ಡವರೆಲ್ಲ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು ಎಂದೇ ನಾನು ಬಹಳ ದಿನ ನಂಬಿದ್ದೆ. ಕೊನೆಗೆ ಅಜ್ಜಿಯನ್ನು ಕೇಳಿದೆ.

"ಏ ಹುಚ್ಚಪ್ಪ, ಅದು ಸ್ಟುಡಿಯೋದಾಂವನ ಕೋಟ," ಅಂದಳು. "ಅಲ್ಲೇ ಗೂಟಕ್ಕ ಇರತೈತಿ. ಹೋದಾವ್ರು ಹಾಕ್ಕೋತಾರ, ಫೋಟೋ ತಗಿಸ್ಕೋತಾರ, ಮತ್ತ ಗೂಟಕ್ಕ ಹಾಕಿ ಬರ್ತಾರ. ಊರ ಮಂದೀ ಮಾನ ಕಾದೈತಿ ಅದು."

"ನಿಂದ್ಯಾಕ ಫೋಟೋ ಇಲ್ಲ?"

"ನಂದೇನ್ ಮಾಡ್ತಿ? ನಾ ಎಲ್ಲಿಗೆ ಹೋಗೂದೈತಿ?"

ನನ್ನ ಮಾತೆಲ್ಲ ಅಜ್ಜಿಯಿಂದ ಬಂದದ್ದು. ಅವಳ ಗಳಿಕೆಯಲ್ಲಿ ನನಗೆ ದಕ್ಕಿದ್ದು ಅದೊಂದೇ. ಅದನ್ನು ನಾನು ಅಳತೆ ಮೀರಿ ಖರ್ಚು ಮಾಡುತ್ತೇನೆ ಎಂಬುದು ಶೈಲಾಳ ದೂರು.

ಕೋಟಿಗೆ ಬರುತ್ತೇನೆ. ನಾನು ಮೊದಲ ಸಲ ಅದನ್ನು ಒಯ್ದದ್ದು ಪ್ರಾಗಿಗೆ. ಹೊರಡುವ ಮುಂಚೆ ಗಿರಿಜಕ್ಕ ಕೂರಿಸಿ ಹೇಳಿದರು. "ಆ ಸೇತುವೆ ಮೇಲೆ ಎಡಗಡೆ ನಿಂತ್ಕೋ ಶಂಕರ. ಬಲಗಡೆ ನಿಂತ್ರೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ. ಕುಮಟೆ ನಾಯಕರು ಕೋಟು ಒಯ್ದಾಗ ಅವರ ಫೋಟೋ ಹಾಳಾಗಿದ್ದು ಹಾಗೇನೇ." ನಾನು ಹೋಗಿ ನೋಡಿದರೆ ಬಿಸಿಲು ಅವರು ಹೇಳಿದ ಕಡೆಗೇ ಇತ್ತು. ಆ ಊರಿನ ವಿಷಯದಲ್ಲಿ ನನಗೆ ಇಂದಿಗೂ ಸ್ಪಷ್ಟವಾಗಿ ನೆನಪಿರುವುದು ಅದೊಂದು, ಇನ್ನೊಂದು ಕಾಫಿ ಅಂಗಡಿಯ ಮುದುಕಿ. ನಾನು ಗುಂಡಿ ಹಾಕಿಕೊಳ್ಳಲು ಒದ್ದಾಡುವುದನ್ನು ಬಹಳ ಹೊತ್ತು ನೋಡಿದ ಅವಳು, ಎದ್ದು ಬಂದು, ನನ್ನ ಗುಂಡಿಗಳನ್ನು ತಾನೇ ಹಾಕಿ, ಹರುಕು ಇಂಗ್ಲಿಷಿನಲ್ಲಿ ಶೈಲಾಳಿಗೆ ಹೇಳಿದಳು: ನಿನ್ನ ಗಂಡ ನಿನ್ನ ಕೋಟು ತೊಟ್ಟಿದ್ದಾನೆ, ಪಾಪ, ನಿನಗೆ ಚಳಿಯಾಗುವುದಿಲ್ಲವೇ. ಹೆಂಗಸರ ಕೋಟಿಗೆ ಗುಂಡಿ ಆಚೆ ಮಗ್ಗುಲಿಗೆ ಇರುತ್ತದಂತೆ. ಅಷ್ಟರಲ್ಲಿ ಮೀಸೆ ಹೊತ್ತ ಏಳೆಂಟು ಗಂಡಸರು ಆ ಕೋಟಿನಲ್ಲಿ ಯುರೋಪಿನ ಅರಮನೆಗಳ ಮುಂದೆ ಎದೆ ಸೆಟೆಸಿ ನಿಂತು ಬಂದಾಗಿತ್ತು. ಸೀರೆಯೂ ಲುಂಗಿಯೂ ಗೊತ್ತಿರುವ ಜನಕ್ಕೆ ಗುಂಡಿಯ ಮಗ್ಗುಲು ಯಾರು ಹೇಳಬೇಕು?

ದೋಹಾಕ್ಕೆ ಮರಳಿ ಇದನ್ನು ಹೇಳಿದರೆ ಗಿರಿಜಕ್ಕ ನಗಲಿಲ್ಲ. "ಹೆಂಗಸ್ರುದ್ದೇ ಅದು. ನನಗೆ ಅಂತ ತಗೊಂಡಿದ್ದು," ಎಂದರು.

ಆಗಲೇ ನನಗೆ ತಿಳಿದದ್ದು, ಆಲ್ಬಮ್ಮಿನಲ್ಲಿ ಗಿರಿಜಕ್ಕನ ಪುಟವೇ ಇಲ್ಲವೆಂದು. ಕೋಟು ಕೊಂಡು ಹತ್ತು ವರ್ಷ ಮೀರಿತ್ತು. ಒಮ್ಮೆ ವೀಸಾ ಆಗಿ ಕೂತಿತ್ತು, ಮೈಸೂರಿನಲ್ಲಿ ನಾದಿನಿಯ ಮಗಳ ಮದುವೆ ಬಂತು. ಇನ್ನೊಮ್ಮೆ ಅತ್ತೆಯವರ ಕಣ್ಣಿನ ಆಪರೇಷನ್ನು, ಮತ್ತೊಮ್ಮೆ ತಮ್ಮನ ಮನೆಯ ಗೃಹಪ್ರವೇಶ. ಇದ್ದ ರಜೆಯೆಲ್ಲ ಕೆಲಸವಿರುವ ಕಡೆಗೇ ಹೋಯಿತು. "ಸುಮ್ನೆ ನೋಡ್ಕೊಂಡು ಬರೋಕೆ ಅಂತ ಅಷ್ಟು ದೂರ ಹೇಗೆ ಹೋಗೋದು ಹೇಳು," ಎಂದು ಅವರು ನನ್ನನ್ನೇ ಕೇಳಿದರು. ಸುಮ್ಮನೆ ನೋಡಿಕೊಂಡು ಬಂದವನು ಎದುರಿಗೇ ಕೂತಿದ್ದೇನೆ ಎಂಬುದನ್ನು ಮರೆತು ಕೇಳಿದ್ದರು.

ಈ ವರ್ಷದ ಈದ್‌ಗೆ ನಾವು ವಿಯೆನ್ನಾಕ್ಕೆ ಹೊರಟೆವು. ಕೋಟು ತರಲು ಹೋದಾಗ ಮೂರ್ತಿಯವರು ಅಪರೂಪಕ್ಕೆ ತಾವಾಗಿ ಬಾಯಿಬಿಟ್ಟರು. "ಡಿಸೆಂಬರಿಗೆ ರಿಟೈರ್‌ಮೆಂಟು. ಮೈಸೂರಿಗೆ ಹೊರಟ್ವಿ. ಖಲಾಸ್." ಗಿರಿಜಕ್ಕ ಕೋಟನ್ನು ಮಡಿಸಿ ನನ್ನ ಕೈಗಿಡುತ್ತ, "ಇದೇ ಕೊನೇದು ಅನ್ಸುತ್ತೆ. ಮೈಸೂರಲ್ಲಿ ಇದನ್ನ ಯಾರು ಕೇಳ್ಕೊಂಡು ಬರ್ತಾರೆ," ಎಂದರು. ತಮ್ಮ ಪ್ರಯಾಣದ ಮಾತೆತ್ತಲಿಲ್ಲ. ಮೈಸೂರು ಸೇರಿದ ಮೇಲೆ ಅವರು ಎಲ್ಲಿಗೂ ಹೋಗುವವರಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ವಿಯೆನ್ನಾದಲ್ಲಿ ಬೆಳಗಿನ ಹೊತ್ತು ಹಲ್ಲು ಕಟಕಟಿಸುವ ಚಳಿ. ಒಂದು ದೊಡ್ಡ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಬಾಗಿಲಲ್ಲೇ ಕೋಟು ಇಸಿದುಕೊಂಡು ಬಿಲ್ಲೆ ಕೊಡುತ್ತಾರೆ, ನಮ್ಮ ದೇವಸ್ಥಾನಗಳಲ್ಲಿ ಚಪ್ಪಲಿ ಇಸಿದುಕೊಂಡು ಕೊಟ್ಟಂತೆ. ಕೌಂಟರಿನವಳು ಕೋಟು ನೋಡಿದಳು, ನನ್ನನ್ನು ನೋಡಿದಳು, ಬಿಲ್ಲೆಯನ್ನು ಶೈಲಾಳ ಕೈಗೆ ಕೊಟ್ಟಳು. ಶೈಲಾ ಅದನ್ನು ನನಗೆ ದಾಟಿಸಿದಳು. ಮುಂದಿನ ಅನಾಹುತಕ್ಕೆಲ್ಲ ಆ ದಾಟಿಸಿದ್ದೇ ಮೂಲ ಎಂಬುದು ನನ್ನ ವಾದ. ಅವಳು ಒಪ್ಪುವುದಿಲ್ಲ.

ಅಜ್ಜಿ ಹೇಳುತ್ತಿದ್ದಳು, ದೇವರ ಮುಂದ ನಿಂತ್ರೂ ಚಿತ್ತ ಚಪ್ಪಲಿ ಮ್ಯಾಲ ಅಂತ. ಚಪ್ಪಲಿಯಾದರೆ ಚಿತ್ತ ಇರುತ್ತದೆ, ಯಾಕೆಂದರೆ ಹೊರಗೆ ಬಂದ ಕೂಡಲೇ ಕಾಲು ಸುಡುತ್ತದೆ, ಕಾಲೇ ನೆನಪಿಸುತ್ತದೆ. ಕೋಟನ್ನು ಮೈಯೇ ನೆನಪಿಸಬೇಕು. ನಮ್ಮ ಮೈ ಇಪ್ಪತ್ತು ವರ್ಷ ಕತಾರಿನಲ್ಲಿ ಬೆಂದ ಮೈ. ಮಧ್ಯಾಹ್ನ ಹೊರಗೆ ಬಂದರೆ ಹಿತವಾದ ಬಿಸಿಲು ಬಿದ್ದಿತ್ತು. ಬರೀ ಶರಟಿನಲ್ಲಿದ್ದೇನೆ ಎಂಬುದು ನನಗೆ ವಿಶೇಷವೆನಿಸಲಿಲ್ಲ. ವರ್ಷದಲ್ಲಿ ಮುನ್ನೂರೈವತ್ತು ದಿನ ಹಾಗೇ ಇರುತ್ತೇನಲ್ಲ. ಅಲ್ಲಿಯ ರಾಜರ ಊಟದ ತಟ್ಟೆಗಳ ವಿಷಯ ಶೈಲಾಳಿಗೆ ಹೇಳುತ್ತ ಟ್ರಾಮು ಹತ್ತಿದೆ, ಹೇಳುತ್ತ ಹೋಟೆಲಿನಿಂದ ಪೆಟ್ಟಿಗೆ ಎತ್ತಿಕೊಂಡೆ, ಹೇಳುತ್ತಲೇ ವಿಮಾನ ಹತ್ತಿದೆ. ದೋಹಾದಲ್ಲಿ ಇಳಿದು ಕಾರಿನ ಕೀಲಿಗೆಂದು ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ ಬೆರಳಿಗೆ ತಣ್ಣಗೆ ಏನೋ ತಗುಲಿತು. ನಲವತ್ತೇಳು.

ನನ್ನ ಮುಖ ನೋಡಿದ್ದೇ ಶೈಲಾ ಕೇಳಿದಳು. "ಕೋಟ ಎಲ್ಲೈತ್ರಿ?"

ನಾನು ಬಿಲ್ಲೆ ತೋರಿಸಿದೆ.

"ಮಾತಾಡಕೋತ ಹೋದ್ರಿ, ಮಾತಾಡಕೋತ ಬಂದ್ರಿ," ಅಂದಳು. "ಆ ಅಕ್ಕನ ಮುಂದ ಏನ್ ಮಾತಾಡ್ತೀರಿ ನೋಡ್ತೀನಿ."

ನಾನು ಮೂರು ದಿನ ಏನೂ ಮಾತಾಡಲಿಲ್ಲ. ಲುಸೈಲಿನ ಅಂಗಡಿಗಳಲ್ಲಿ ಬದನೆಕಾಯಿ ಬಣ್ಣದ ಕೋಟು ಹುಡುಕಿದೆ. ಬೇಸಿಗೆ ಬಾಗಿಲಿಗೆ ಬಂದಿರುವಾಗ ಉಣ್ಣೆ ಕೋಟು ಕೇಳುವವನನ್ನು ಅಂಗಡಿಯವರು ನೋಡುವ ನೋಟ ಒಂದು ಬಗೆಯದು. "ಮಾಫಿ, ಮಾಫಿ" ಎಂದು, ಅಂದರೆ ಇಲ್ಲವೇ ಇಲ್ಲ ಎಂದು, ಕೈಯಾಡಿಸಿದರು. ಸಿಕ್ಕಿದ್ದರೂ ಜೇಬಿನ ಮೇಣದಬತ್ತಿ, ಸಕ್ಕರೆ ಪೊಟ್ಟಣ ಎಲ್ಲಿಂದ ತರಲಿ? ಕಡೆಗೆ ವಿಯೆನ್ನಾಕ್ಕೆ ಮಿಂಚಂಚೆ ಬರೆದೆ. ಮರುದಿನವೇ ಉತ್ತರ ಬಂತು. ಕೋಟು ಸುರಕ್ಷಿತವಾಗಿದೆ. ಬಿಲ್ಲೆ ತಂದು ಒಯ್ಯಬಹುದು. ಬಿಲ್ಲೆ ಇಲ್ಲದಿದ್ದರೆ ಅದು ನಿಮ್ಮದೇ ಎಂಬುದಕ್ಕೆ ಆಧಾರ ಬೇಕು. ಕೊರಿಯರಿನವರನ್ನು ನೀವೇ ಗೊತ್ತುಮಾಡುವುದಾದರೂ ಆಗಬಹುದು.

ಆ ಉತ್ತರವನ್ನು ಕವಚದಂತೆ ಹಿಡಿದು ಅಲ್ ಮುಂತಜಾದ ಮೆಟ್ಟಿಲು ಹತ್ತಿದೆ. ಗಿರಿಜಕ್ಕ ಬಾಗಿಲು ತೆಗೆದು, ನನ್ನ ಬರಿಗೈ ನೋಡಿ, "ಬಾಪ್ಪ, ಕೂತ್ಕೋ" ಎಂದರು. ನಾನು ಎಲ್ಲ ಒಪ್ಪಿಸಿದೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಕಥೆಯನ್ನು ನಾಲ್ಕು ವಾಕ್ಯದಲ್ಲಿ ಹೇಳಿದೆ. ಕೊನೆಗೆ, "ಕೊರಿಯರಿನಾಗ ತರಸ್ತೀನ್ರೀ ಅಕ್ಕ, ವಾರದಾಗ ಬರತೈತಿ," ಎಂದೆ.

ಗಿರಿಜಕ್ಕ ಖಾಲಿ ಟೀಪಾಯಿಯನ್ನು ಸೆರಗಿನಿಂದ ಒರೆಸಿದರು. ಸಿಟ್ಟೋ ದುಃಖವೋ ಗೊತ್ತಾಗಲಿಲ್ಲ. ಆಮೇಲೆ ಒಳಗೆ ಕೂತಿದ್ದ ಯಜಮಾನರಿಗೆ ಕೇಳುವಂತೆ ಹೇಳಿದರು. "ಏನೂಂದ್ರೆ, ನಮ್ ಸಾಮಾನು ಅಲ್ಲೆಲ್ಲೋ ಪರಸ್ಥಳದಲ್ಲಿ ಉಳ್ಕೊಂಡಿದೆಯಂತೆ."

"ಕೊರಿಯರ್ ಇದೆಯಂತಲ್ಲ," ಒಳಗಿನಿಂದ ಬಂತು.

"ಕೊರಿಯರಿನವನಿಗೆ ಜೇಬಲ್ಲಿ ಏನೇನಿದೆ ಅಂತ ಗೊತ್ತಾ? ಹಿಡಿದು ಕೊಡವಿದ್ರೆ ಎಲ್ಲ ಬಿದ್ದೋಗುತ್ತೆ. ಹೋಗಿ ತರ್ಬೇಕಪ್ಪ. ನಮ್ ವಸ್ತು ನಾವು ಹೋಗಿ ತರ್ದೇ ಇನ್ಯಾರು ತರ್ತಾರೆ?"

ಮೂರ್ತಿಯವರು ಎದ್ದು ಬಾಗಿಲಿಗೆ ಬಂದರು.

"ಹೋಗೋದಾ?"

"ಕೆಲಸ ಇದೆಯಲ್ಲ ಈಗ," ಎಂದರು ಗಿರಿಜಕ್ಕ.

"ಖಲಾಸ್," ಎಂದರು ಮೂರ್ತಿಯವರು.

ವೀಸಾದ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಎಂಬ ಜಾಗಕ್ಕೆ ಬಂದಾಗ ಗಿರಿಜಕ್ಕ ನನಗೆ ಫೋನು ಮಾಡಿದರು. "ಇಲ್ಲಿ ಪ್ರವಾಸ ಅಂತ ಬರೆಯೋಕೆ ಇವರು ಹೇಳ್ತಿದ್ದಾರೆ. ಸುಳ್ಳಾಗಲ್ವಾ? ನಾವು ಕೋಟು ತರೋಕೆ ಹೋಗ್ತಿರೋದು." ಅಷ್ಟು ಸಣ್ಣ ಸುಳ್ಳಿಗೆ ಆಸ್ಟ್ರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಸಮಾಧಾನ ಹೇಳಿದೆ.

ಜೂನಿನಲ್ಲಿ ಹೊರಟರು. ವಿಮಾನ ನಿಲ್ದಾಣಕ್ಕೆ ಬಿಡುವ ಹೊಣೆ ನನ್ನದು. ಬಿಲ್ಲೆಯನ್ನು ಆ ದಿನವೇ ಕೈಗೆ ಕೊಡುತ್ತೇನೆ, ಮುಂಚೆ ಕೊಟ್ಟರೆ ಎಲ್ಲಾದರೂ ತಪ್ಪೀತು ಎಂದು ಹೇಳಿಟ್ಟಿದ್ದೆ. ನೋಡಿ, ಎಂಥ ಮುಂದಾಲೋಚನೆ. ಗಿರಿಜಕ್ಕ ಮಡಿಲಲ್ಲಿ ಆಲ್ಬಮ್ಮು ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದರು.

"ಇದ್ಯಾಕ್ರೀ ಅಕ್ಕ?" ಎಂದೆ.

"ಎಲ್ಲೆಲ್ಲಿ ನಿಂತ್ಕೋಬೇಕು ಅಂತ ಗೊತ್ತಾಗ್ಬೇಡ್ವಾ? ನೀವೆಲ್ಲ ನಿಂತಿರೋ ಜಾಗ ಇದ್ರಲ್ಲೇ ತಾನೆ ಇರೋದು?"

ಅದು ಪ್ರಾಗು, ಇದು ವಿಯೆನ್ನಾ ಎಂದು ತಿದ್ದಲು ಹೋಗಿ ಪ್ರಾಗಿನ ಸೇತುವೆ, ಅಲ್ಲಿಂದ ಕಾಫಿ ಅಂಗಡಿಯ ಮುದುಕಿ, ಅಲ್ಲಿಂದ ಗದಗಿನ ಸ್ಟುಡಿಯೋ, ಹೀಗೆ ಮಾತು ಹರಿಯಿತು. ಪೆಟ್ಟಿಗೆ ಇಳಿಸಿ, ಕೈ ಬೀಸಿ, ಹಗುರಾಗಿ ಮನೆಗೆ ಬಂದೆ. ಬಾಗಿಲು ತೆಗೆದು ಕಾರಿನ ಕೀಲಿಯನ್ನು ಬಟ್ಟಲಿಗೆ ಹಾಕಿದೆ. ಹಿತ್ತಾಳೆಯ ಸದ್ದು ಬಂತು.

ಫೋನು ಮಾಡಿದರೆ ಇಬ್ಬರದೂ ಬಂದ್ ಆಗಿತ್ತು. ಬಿಲ್ಲೆಯ ಫೋಟೋ ತೆಗೆದು ಕಳಿಸಿದೆ. ಶೈಲಾ ನನ್ನನ್ನು ಬಯ್ಯಲೂ ಇಲ್ಲ. ಅಕ್ಕಿ ಆರಿಸುವವಳ ಹಾಗೆ ತಲೆ ಬಗ್ಗಿಸಿ, "ಹತ್ತು ವರ್ಷಕ್ಕ ಒಮ್ಮೆ ಹೊಂಟಿದ್ರು," ಎಂದಷ್ಟೇ ಅಂದಳು. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಎರಡನೆಯ ದಿನ ಗಿರಿಜಕ್ಕನ ಧ್ವನಿ ಸಂದೇಶ ಬಂತು. ಹಿಂದೆ ಟ್ರಾಮಿನ ಗಂಟೆ ಕೇಳುತ್ತಿತ್ತು. ಇಬ್ಬರೂ ನಿಂತೇ ಕೇಳಿದೆವು.

"ಶಂಕರ, ನೀನು ಕಳಿಸಿದ ಫೋಟೋ ತೋರಿಸಿದ್ವಪ್ಪ. ಅಲ್ಲೊಬ್ಬಳು ನನ್ ವಯಸ್ಸಿನೋಳೇ, ಕನ್ನಡಕಕ್ಕೆ ದಾರ ಕಟ್ಕೊಂಡು ಕೂತಿದ್ಳು. ಬಿಲ್ಲೆ ಫೋಟೋ ಬಿಲ್ಲೆ ಅಲ್ಲ, ಫೋಟೋ ಯಾರು ಬೇಕಾದ್ರೂ ಕಳಿಸ್ಬೋದು, ನಡೆಯಲ್ಲ ಅಂದ್ಳು. ಇವರು ಖಲಾಸ್ ಅನ್ನೋಕೆ ಬಾಯಿ ತೆಗೆದ್ರು. ನಾನು ತಡೀರಿ ಅಂದೆ. ಒಂದು ಫೋಟೋ ನಡೆಯಲ್ಲ ಅಂದ್ರೆ ಹದಿನಾಲ್ಕು ನಡೆಯುತ್ತಾ ನೋಡಮ್ಮ ಅಂತ ಆಲ್ಬಮ್ ಬಿಚ್ಚಿಟ್ಟೆ. ಒಂದೊಂದೇ ಪುಟ ತಿರುಗಿಸಿದ್ಳು. ನಾಯಕರನ್ನ ನೋಡಿದ್ಳು, ನಿನ್ನ ನೋಡಿದ್ಳು. ಈ ಮೀಸೆಯವರೆಲ್ಲ ನಿನಗೆ ಏನಾಗ್ಬೇಕು ಅಂತ ಕೇಳಿದ್ಳು. ನಮ್ಮೋರು, ಚಳಿಗೆ ಒಯ್ತಾರೆ ಅಂದೆ. ನಗ್ತಾ ನಗ್ತಾ ಒಳಗಿಂದ ಕೋಟು ತಂದ್ಳು. ಜೇಬಲ್ಲಿ ಏನಿದೆ ಹೇಳು ಅಂದ್ಳು. ಹೇಳ್ದೆ. ಮೇಣದಬತ್ತಿ ಕೂಡ ಹೇಳ್ದೆ. ಎಲ್ಲ ತೆಗೆದು ಸಾಲಾಗಿ ಇಟ್ಳು, ಒಂದೂ ಹೋಗಿಲ್ಲ. ಆಮೇಲೆ ಮತ್ತೆ ಆಲ್ಬಮ್ ಹಿಂದೆ ಮುಂದೆ ತಿರುಗಿಸಿ, ಕೋಟು ನಿಂದು ಅಂತೀಯ, ಇದ್ರಲ್ಲಿ ನೀನು ಎಲ್ಲಿದ್ದೀಯ ಅಂತ ಕೇಳಿದ್ಳಪ್ಪ."

ಶೈಲಾ ಫೋನಿನ ಸದ್ದು ಹೆಚ್ಚಿಸಿದಳು.

"ಅದಕ್ಕೇ ಬಂದಿದ್ದೀನಿ, ನೀನೇ ತೆಗೆ ಅಂದೆ."

ಫೋಟೋ ಹಿಂದೆಯೇ ಬಂತು. ಅರಮನೆಯಿಲ್ಲ, ಸೇತುವೆಯಿಲ್ಲ. ಕೋಟು ಇಡುವ ಕೌಂಟರು, ಹಿಂದೆ ಸಾಲು ಸಾಲು ಕೊಕ್ಕೆ. ಬೇಸಿಗೆಯಾದ್ದರಿಂದ ಎಲ್ಲ ಖಾಲಿ. ಕೌಂಟರಿನ ಮುಂದೆ ಗಿರಿಜಕ್ಕ, ಮೈಸೂರು ರೇಷ್ಮೆಯ ಸೀರೆ, ಅದರ ಮೇಲೆ ಬದನೆಕಾಯಿ ಬಣ್ಣದ ಕೋಟು. ಜೂನಿನ ಸೆಕೆಗೆ ಹಣೆಯಲ್ಲಿ ಬೆವರು ಮೂಡಿದೆ. ಆದರೂ ಕೊರಳಿನಿಂದ ಮೊಣಕಾಲಿನ ತನಕ ಎಲ್ಲ ಗುಂಡಿ ಹಾಕಿದ್ದಾರೆ, ಸರಿಯಾದ ಮಗ್ಗುಲಿಗೆ. ನಗುತ್ತಿಲ್ಲ. ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು, ಗದಗಿನ ಗೋಡೆಯ ಮೇಲಿದ್ದವರ ಹಾಗೆ ನೆಟ್ಟಗೆ ನೋಡುತ್ತಿದ್ದಾರೆ.

ಶೈಲಾ ಆ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. "ಅವರಿಗೆ ಭಾಳ ಚಲೋ ಒಪ್ಪೇತಿ," ಎಂದಳು. ಅಷ್ಟು ವರ್ಷದಲ್ಲಿ ಆ ಕೋಟು ಒಪ್ಪುತ್ತದೆ ಎಂಬ ಮಾತನ್ನು ನಾವ್ಯಾರೂ ಯಾರಿಗೂ ಹೇಳಿರಲಿಲ್ಲ.

ಗಿರಿಜಕ್ಕನವರು ಅಲ್ಲಿಂದ ಪ್ರಾಗಿಗೂ ಹೋಗಿ, ಸೇತುವೆಯ ಎಡಗಡೆ ನಿಂತು ಬಂದರು. ಈಗ ಡಿಸೆಂಬರಿಗೆ ಪೆಟ್ಟಿಗೆ ಕಟ್ಟುತ್ತಿದ್ದಾರೆ. ಆಲ್ಬಮ್ಮು ಮೈಸೂರಿಗೆ, ಕೋಟು ಶೈಲಾಳಿಗೆ. ಕೊಡುವಾಗ ಹಳೆಯ ಕಟ್ಟಳೆಗೆ ಹೊಸದೊಂದು ಸೇರಿಸಿದರಂತೆ: "ನಿಮ್ಮೆಜಮಾನ್ರ ಕೈಗೆ ಮಾತ್ರ ಕೊಡ್ಬೇಡ."

ಬಿಲ್ಲೆ ನನ್ನ ಬಟ್ಟಲಿನಲ್ಲೇ ಉಳಿದಿದೆ. "ಅದನ್ನರ ಪೋಸ್ಟಿನಾಗ ಕಳಿಸ್ರಿ, ಮಂದೀದು," ಎಂದು ಶೈಲಾ ವಾರಕ್ಕೊಮ್ಮೆ ಹೇಳುತ್ತಾಳೆ. ಪೋಸ್ಟಿನಲ್ಲಿ ಹೋದರೆ ಎಲ್ಲಾದರೂ ತಪ್ಪೀತು. ಮಂದಿಯ ವಸ್ತು, ಹೋಗಿಯೇ ಕೊಟ್ಟು ಬರಬೇಕು ಎನ್ನುತ್ತೇನೆ ನಾನು. ಕೆಲಸ ಇದೆಯಲ್ಲ ಈಗ.